ಕೈ ಇಲ್ಲದ ಸಂಚಿಕೆ

ಬಲ್ಮಠದ ಮಹಡಿಯಲ್ಲಿ ನಾನು ಹಲ್ಲು ಕಟ್ಟುವವನು.
ಬಾಯಿ ನೋಡುವುದು ಡಾಕ್ಟರು. ನನಗೆ ಬರುವುದು
ಪ್ಲಾಸ್ಟರಿನ ಅಚ್ಚು, ಮೇಲೊಂದು ಚೀಟಿ:
ಹೆಸರು, ಪ್ರಾಯ, ಬಿಳಿಯ ನಂಬರು.
ಹಾಗಾಗಿ ಇಲ್ಲದ್ದು ನನಗೆ ಬೇಗ ಕಾಣುತ್ತದೆ.

ಸಂಜೆ ಬಂದರಿನ ಗುಜರಿ ಅಂಗಡಿ.
ಕುಂಞಿಮೋನು ತಕ್ಕಡಿಯಿಂದ ಕಣ್ಣೆತ್ತದೆ ಹೇಳುತ್ತಾನೆ,
"ನಿಮ್ಮ ಹೆಂಗಸರು ಇವತ್ತು ಬರಲಿಲ್ಲ."
ನನ್ನ ಹೆಂಗಸರು, ಹಳೆಯ ಮಾಸಪತ್ರಿಕೆಯ ಮುಖಪುಟದವರು.
ಲಾಟೀನು ಎತ್ತಿ ಯಾರನ್ನೋ ನೋಡುವವಳು,
ರೇಡಿಯೋದ ಕಿವಿ ಹಿಂಡುವವಳು,
ಸೈಕಲ್ ಕಲಿಯುತ್ತ ಇನ್ನೇನು ಬೀಳುವವಳು.
ಅರುವತ್ತು ವರ್ಷವಾಯಿತು, ಇನ್ನೂ ಬಿದ್ದಿಲ್ಲ.

ಒಳಗಿನ ಕತೆ ನಾನು ಓದುವವನಲ್ಲ.
ಹೇಳಬಾರದಿತ್ತು, ಹೇಳಿದೆ.
ನನಗೆ ಬೇಕಾದ್ದು ಹೊರಗಿನ ಆ ಒಂದು ಹಾಳೆ:
ಮೂರು ಬಣ್ಣ, ಮೂರು ಬ್ಲಾಕು,
ಒಂದರ ಮೇಲೊಂದು ಕೂರಬೇಕಾದ್ದು ಕೂರದೆ
ತುಟಿಯ ಕೆಂಪು ತುಟಿಯಿಂದ ಅರ್ಧ ನೂಲು ಆಚೆ ಬಿದ್ದು
ಹುಡುಗಿ ಏನೋ ಹೇಳಹೊರಟು ತಡೆದಂತೆ.
ಕೆಳಮೂಲೆಯಲ್ಲಿ ಚಿತ್ರ ಬರೆದವನ ರುಜು:
ಒಂದು 'ಗೋ', ಒಂದು ಚುಕ್ಕಿ.
ಯಾರೆಂದು ಯಾರಿಗೂ ಗೊತ್ತಿಲ್ಲ.
ಬೆಲೆ ನಲವತ್ತು ನಯೇ ಪೈಸೆ.

ಊರಿನ ಗಾಳಿಯಲ್ಲಿ ಉಪ್ಪು.
ಪಿನ್ನುಗಳು ತುಕ್ಕಾಗಿ ಬೆನ್ನಗುಂಟ ಇಳಿಯುತ್ತವೆ.
ಬಜೆ ಇಟ್ಟೆ, ಬೇವು ಇಟ್ಟೆ, ನುಸಿಗುಳಿಗೆ ಇಟ್ಟೆ.
ರಾಮಬಾಣದ ಹುಳ ಯಾವುದಕ್ಕೂ ಅಂಜದೆ
ಸೀರೆಯ ಅಂಚನ್ನಷ್ಟೆ ತಿನ್ನುತ್ತದೆ.
ಅದಕ್ಕೂ ರುಚಿ ಉಂಟು.
"ಕಪಾಟು ತೆರೆದರೆ ಮುದುಕಿಯರ ಪೆಟ್ಟಿಗೆಯ ವಾಸನೆ"
ಎನ್ನುವ ಐರಿನ್
ಬಾಗಿಲನ್ನು ಮಾತ್ರ ಮೆತ್ತಗೆ ಹಾಕುತ್ತಾಳೆ.

ಅರುವತ್ತೆರಡರ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ಜೂನ್.
ಹನ್ನೊಂದು ತಿಂಗಳು ನಕ್ಕರೆ ನಡುವೆ ಕತ್ತಲು.

ಅದು ಸಿಕ್ಕಿದ್ದು ಬೋಳಾರದಲ್ಲಿ,
ಪ್ಯಾಂಟು ಗಿಡ್ಡ ಮಾಡಿಸಲು ಹೋದಾಗ.
ತನಿಯಪ್ಪ ಟೈಲರರು ಪೆಟ್ಟಿಗೆಯಡಿಯಿಂದ ಎಳೆದು
ಚಾಕಿನ ಪುಡಿ ಕೊಡವಿದರು.
"ಕೊಡ್ಲಿಕ್ಕೆ ನಂಗೇನೂ ತೊಂದರೆ ಇಲ್ಲ ಮಾರಾಯ್ರೆ,
ಆದರೆ ಅವಳಿಗೆ ಕೈ ಇಲ್ಲ."

ದೋಣಿಯ ಪಕ್ಕ ನಿಂತವಳು. ಎಡಗೈ ಸೊಂಟದಲ್ಲಿ.
ಬಲಗೈಯ ಜಾಗದಲ್ಲಿ, ಹೆಗಲಿನಿಂದ ಕೆಳಗೆ,
ಕತ್ತರಿ ಮಾಡಿದ ಶುದ್ಧ ತೂತು.

"ಒಬ್ಬರು ಟೀಚರು ಇದನ್ನು ತಂದು
ಹೀಗೇ ತೋಳು ಬೇಕು ಅಂದ್ರಂತೆ.
ನಮ್ಮ ಅಪ್ಪನಿಗೆ ಬಾಯಲ್ಲಿ ಹೇಳಿದ್ರೆ ಹೋಗುವುದಿಲ್ಲ.
ಕತ್ತರಿಸಿಯೇ ಬಿಟ್ರು.
ಬಟ್ಟೆ ಮೇಲಿಟ್ಟು, ದೊಡ್ಡದು ಮಾಡಿ, ಗೆರೆ ಎಳೆದ್ರು.
ಮೊದಲು ಟೀಚರುಗಳು, ಮತ್ತೆ ನರ್ಸುಗಳು,
ಮತ್ತೆ ಜೆಪ್ಪುವಿನಿಂದ ಬೀಡಿ ಕಟ್ಟು ಹಿಡಿದು
ಬ್ರಾಂಚಿಗೆ ಹೋಗುವವರು ಕೂಡ.
ಎರಡು ವರ್ಷ ಊರಿಗೆಲ್ಲ ಇದೇ ತೋಳು.
ಈ ಮಿಷನ್ನಿನ ಸಾಲ ತೀರಿದ್ದು ಅದರಲ್ಲಿ."

ಆ ತುಂಡು ಎಲ್ಲಿ, ಕೇಳಿದೆ.
ಅವರು ಸುಮ್ಮನೆ ರಸ್ತೆಯ ಕಡೆ ನೋಡಿದರು.
ಪತ್ರಿಕೆಗೆ ದುಡ್ಡು ತಗೊಳ್ಳಲಿಲ್ಲ.
ಪ್ಯಾಂಟಿನದ್ದು ತಗೊಂಡರು.

ರಾತ್ರಿ ಮೇಜಿನ ಮೇಲೆ ದೀಪ, ಸಣ್ಣ ಕುಂಚ, ಚಿಮಟ.
ಹದಿನಾರು ಬಗೆಯ ಬಿಳಿ ಬೆರೆಸಿ ಗೊತ್ತಿದ್ದವನಿಗೆ
ಒಂದು ನೀಲಿ ಏನು ಮಹಾ.
ಅದೇ ಕಾಲದ ರಟ್ಟು, ತೆಳುವಾಗಿ ಅಂಟು,
ಉಗುರಿನಲ್ಲಿ ಅಂಚು ಒತ್ತಿದರೆ ಮುಗಿಯಿತು,
ಯಾರಿಗೂ ಗೊತ್ತಾಗುವುದಿಲ್ಲ.
ಗೊತ್ತಾಗದಿರುವುದೇ ನನ್ನ ಕಸುಬು.

ಐರಿನ್ ಊಟಕ್ಕೆ ಕರೆದಳು, ಎರಡು ಸಲ.

ಎಲ್ಲೋ ಕುದ್ರೋಳಿಯಲ್ಲೊ, ಕುಲಶೇಖರದಲ್ಲೊ
ಒಂದು ರವಿಕೆಯ ತೋಳು ಹರಿದು ಮಸಿಬಟ್ಟೆಯಾಗಿ
ಒಲೆಯಿಂದ ಗಂಜಿಯ ಪಾತ್ರೆ ಇಳಿಸುತ್ತಿರಬಹುದು,
ಕೈ ಸುಡದ ಹಾಗೆ.

ಕುಂಚ ತೊಳೆದೆ.
ಮೇಯ ಕೆಳಗೆ, ಜುಲೈಯ ಮೇಲೆ ಅವಳನ್ನು ಇಟ್ಟೆ.
ಜುಲೈಯಲ್ಲಿ ಹಸಿರು ಗೋಡೆ, ಗೋಡೆಯ ಮೇಲೊಂದು ಬೆಕ್ಕು.
ಈಗ ದೋಣಿಯವಳ ಹೆಗಲಿನಿಂದ
ಕಂದು ಬಾಲವೊಂದು ಇಳಿದಿದೆ,
ತುದಿ ಸ್ವಲ್ಪ ಕೊಂಕಿ.